ಟ್ರ್ಯಾಕ್ ದಿನಕ್ಕಾಗಿ ಸ್ಪೋರ್ಟ್ಸ್ ಕಾರಿನಲ್ಲಿ ಏನನ್ನು ಬದಲಿಸಬೇಕು: ಮಲೆನಾಡಿನಿಂದ ಹೊರಡುವವರಿಗೆ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನ ಸುತ್ತಮುತ್ತ ಒಳ್ಳೆಯ ಕಾರುಗಳಿಗೆ ಬರವಿಲ್ಲ. ತೋಟದ ಮನೆಗಳ ಶೆಡ್ಡುಗಳಲ್ಲಿ ಜೀಪಿನ ಪಕ್ಕದಲ್ಲೇ ಆಕ್ಟೇವಿಯಾ ಆರ್‌ಎಸ್, ಪೋಲೊ ಜಿಟಿ, ಮಿನಿ ಕೂಪರ್ ಎಸ್, ಅಲ್ಲೊಂದು ಇಲ್ಲೊಂದು ಪೋರ್ಷೆ ಕೇಮನ್ ನಿಂತಿರುತ್ತವೆ. ಇವುಗಳ ಒಡೆಯರಲ್ಲಿ ಕೆಲವರು ವರ್ಷಕ್ಕೆ ಒಂದೆರಡು ಬಾರಿ ಕೊಯಮತ್ತೂರಿಗೋ ಚೆನ್ನೈಗೋ ಹೋಗಿ ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸಿ ಬರುವ, ಅಂದರೆ ಟ್ರ್ಯಾಕ್ ದಿನಕ್ಕೆ ಹೋಗುವ, ರೂಢಿ ಮಾಡಿಕೊಂಡಿದ್ದಾರೆ. ಹೊಸದಾಗಿ ಹೊರಟವರು ನನ್ನಲ್ಲಿ ಕೇಳುವ ಪ್ರಶ್ನೆ ಒಂದೇ: ಮೊದಲು ಏನು ಹಾಕಿಸಬೇಕು? ಅವರ ಕೈಯಲ್ಲಿರುವ ಪಟ್ಟಿಯೂ ಬಹುತೇಕ ಒಂದೇ: ಹೊಸ ಸೈಲೆನ್ಸರ್, ಇಂಜಿನ್ ರೀಮ್ಯಾಪ್ (ಶಕ್ತಿ ಹೆಚ್ಚುವಂತೆ ಇಂಜಿನ್ನಿನ ಕಂಪ್ಯೂಟರನ್ನು ಮರುಹೊಂದಿಸುವುದು), ಕಾರನ್ನು ತಗ್ಗಿಸುವ ಸ್ಪ್ರಿಂಗು. ಈ ಮೂರೂ ಪಟ್ಟಿಯ ಕೊನೆಯಲ್ಲಿರಬೇಕಾದವು ಎಂಬುದು ನನ್ನ ಖಚಿತ ಅಭಿಪ್ರಾಯ. ಟ್ರ್ಯಾಕಿನಲ್ಲಿ ಕಾರು ಯಾವ ಕ್ರಮದಲ್ಲಿ ಸೋಲುತ್ತದೆಯೋ ಆ ಕ್ರಮದಲ್ಲೇ ಹಣ ಹಾಕಬೇಕು. ಕಾರ್ಖಾನೆಯಿಂದ ಬಂದ ಹಾಗೆಯೇ ಇರುವ ವೇಗದ ಕಾರಿನಲ್ಲಿ ಮೊದಲು ಸೋಲುವುದು ಬ್ರೇಕು, ಆಮೇಲೆ ಟೈರು, ಅದಾದ ಮೇಲೆ ಚಾಲಕನ ಕುಳಿತ ಭಂಗಿ, ಆಮೇಲೆ ಇಂಜಿನ್ನಿನ ತಂಪು. ಶಕ್ತಿ ಸಾಲದಾಯಿತು ಎನ್ನುವ ಹಂತಕ್ಕೆ ತಲುಪುವವರು ತೀರ ಕಡಿಮೆ.

ಕಾರು ಮನೆಗೆ ಹೇಗೆ ಮರಳಬೇಕು ಎಂಬುದನ್ನು ಮೊದಲು ತೀರ್ಮಾನಿಸಿ

ನಮ್ಮ ಭಾಗದಿಂದ ಹೊರಡುವವರಿಗೆ ಮುಖ್ಯ ಆಯ್ಕೆಗಳು ಎರಡು. ಕೊಯಮತ್ತೂರಿನ ಚೆಟ್ಟಿಪಾಳಯಂನಲ್ಲಿ, ರೇಸಿಂಗ್ ಚಾಲಕ ಎಸ್. ಕರಿವರ್ಧನ್ ಅವರ ಹೆಸರಿನಲ್ಲಿ 2003ರಲ್ಲಿ ಆರಂಭವಾದ ಕರಿ ಮೋಟಾರ್ ಸ್ಪೀಡ್‌ವೇ ಸುಮಾರು 2.1 ಕಿಲೋಮೀಟರ್ ಉದ್ದದ್ದು. ಚಿಕ್ಕದು, ತಿರುವುಗಳು ಒತ್ತೊತ್ತಾಗಿ ಬರುತ್ತವೆ. ಚೆನ್ನೈ ಸಮೀಪದ ಇರುಂಗಾಟ್ಟುಕೊಟ್ಟೈನ ಟ್ರ್ಯಾಕ್ 1990ರಿಂದ ಇದೆ, ಸುಮಾರು 3.7 ಕಿಲೋಮೀಟರ್ ಉದ್ದವಿದೆ, ಅಲ್ಲಿ ವೇಗ ಹೆಚ್ಚು, ಬ್ರೇಕಿನ ಮೇಲಿನ ಹೊರೆಯೂ ಹೆಚ್ಚು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟ್ 5.125 ಕಿಲೋಮೀಟರ್ ಇದೆ. ಆದರೆ ಅಷ್ಟು ದೂರಕ್ಕೆ ಕಾರನ್ನು ಲಾರಿಯ ಮೇಲೇರಿಸಿಯೇ ಕಳಿಸಬೇಕು.

ಚಿಕ್ಕಮಗಳೂರಿನಿಂದ ಕೊಯಮತ್ತೂರಿಗೆ ಹಾಸನ, ಮೈಸೂರು, ಚಾಮರಾಜನಗರದ ಮೂಲಕ ದಿಂಬಂ ಘಾಟಿ ಇಳಿದು ಹೋದರೆ ಹೆಚ್ಚುಕಡಿಮೆ 400 ಕಿಲೋಮೀಟರ್. ಇರುಂಗಾಟ್ಟುಕೊಟ್ಟೈಗೆ ಬೆಂಗಳೂರಿನ ಮೂಲಕ ಸುಮಾರು 550. ಮುಕ್ಕಾಲು ಪಾಲು ಜನ ಅದೇ ಕಾರನ್ನು ಓಡಿಸಿಕೊಂಡು ಹೋಗಿ, ದಿನವಿಡೀ ಟ್ರ್ಯಾಕಿನಲ್ಲಿ ದುಡಿಸಿ, ಅದರಲ್ಲೇ ಮರಳುತ್ತಾರೆ. ಆದ್ದರಿಂದ ನೀವು ಹಾಕಿಸುವ ಪ್ರತಿ ಬಿಡಿಭಾಗವೂ ಮೂರು ಪರೀಕ್ಷೆಗಳನ್ನು ದಾಟಬೇಕು. ಟ್ರ್ಯಾಕಿನಲ್ಲಿ ಅದು ಪ್ರಯೋಜನಕ್ಕೆ ಬರಬೇಕು. ದಿಂಬಂನ 27 ಹೇರ್‌ಪಿನ್ ತಿರುವುಗಳನ್ನು ಬೆಳಗಿನ ಚಳಿಯಲ್ಲಿ ಇಳಿಯುವಾಗ ಕೈಕೊಡಬಾರದು. ಕೊನೆಗೆ ನಿಮ್ಮ ತೋಟದ ಗೇಟಿನಿಂದ ಮನೆಯವರೆಗಿನ ಕಲ್ಲುದಾರಿಯಲ್ಲಿ ಕಾರಿನ ಹೊಟ್ಟೆ ನೆಲಕ್ಕೆ ತಾಗಬಾರದು. ತಗ್ಗಿಸಿದ ಸ್ಪ್ರಿಂಗುಗಳು ಸಾಮಾನ್ಯವಾಗಿ ಈ ಮೂರನೆಯ ಪರೀಕ್ಷೆಯಲ್ಲೇ ಸೋಲುತ್ತವೆ.

ವರ್ಷಕ್ಕೆ ಎಷ್ಟು ದಿನ ಹೋಗುತ್ತೀರಿ ಎಂಬುದನ್ನು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಒಂದೆರಡು ದಿನವಾದರೆ ಬ್ರೇಕ್ ಆಯಿಲ್, ಪ್ಯಾಡ್, ಒಳ್ಳೆಯ ಟೈರ್ ಇವಿಷ್ಟೇ ಸಾಕು. ನಾಲ್ಕೈದು ದಿನವಾದರೆ ಅಲೈನ್‌ಮೆಂಟ್, ಸೀಟು ಮತ್ತು ಎರಡನೇ ಜೊತೆ ರಿಮ್ಮಿನ ಬಗ್ಗೆ ಯೋಚಿಸಬಹುದು. ಅದಕ್ಕೂ ಹೆಚ್ಚಾದರೆ ಮನೆಮಂದಿಯ ಕಾರನ್ನು ಅರ್ಧಂಬರ್ಧ ರೇಸ್ ಕಾರು ಮಾಡುವ ಬದಲು, ಹಳೆಯದೊಂದು ಸಣ್ಣ ಕಾರನ್ನು ಟ್ರ್ಯಾಕಿಗೆಂದೇ ಮೀಸಲಿಡುವುದು ಅಗ್ಗವೂ ಹೌದು, ಸುರಕ್ಷಿತವೂ ಹೌದು.

ಆರ್‌ಸಿ ಮತ್ತು ವಿಮೆ

ಇದನ್ನು ಬೇಸರದ ವಿಷಯವೆಂದು ದಾಟಿಹೋಗಬೇಡಿ. ಮೋಟಾರು ವಾಹನ ಕಾಯ್ದೆಯ 52ನೇ ವಿಧಿಯ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಗಳಿಗಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ; ಸುಪ್ರೀಂ ಕೋರ್ಟ್ ಕೂಡ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿದಿದೆ. ನಿಯಮ ಮೀರಿ ಮಾರ್ಪಡಿಸಿದ ಒಡೆಯನಿಗೆ ಪ್ರತಿ ಮಾರ್ಪಾಡಿಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡನ್ನೂ ವಿಧಿಸಲು 182ಎ ವಿಧಿಯಲ್ಲಿ ಅವಕಾಶವಿದೆ. ಬ್ರೇಕ್ ಪ್ಯಾಡ್, ಬ್ರೇಕ್ ಆಯಿಲ್, ಅದೇ ಅಳತೆಯ ಉತ್ತಮ ಟೈರ್ ಇವು ಸವೆದಾಗ ಹೇಗೂ ಬದಲಿಸುವ ವಸ್ತುಗಳಾದ್ದರಿಂದ ಇವುಗಳಿಂದ ಆರ್‌ಸಿಯ ವಿವರ ಬದಲಾಗುವುದಿಲ್ಲ. ಸದ್ದು ಮಾಡುವ ಸೈಲೆನ್ಸರ್ ಹಾಗಲ್ಲ.

ವಿಮೆಯ ವಿಚಾರವೂ ಸ್ಪಷ್ಟವಿದೆ. ನಮ್ಮಲ್ಲಿ ಚಾಲ್ತಿಯಲ್ಲಿರುವ ಮೋಟಾರು ವಿಮಾ ಪಾಲಿಸಿಗಳ ಷರತ್ತಿನಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಮೊದಲಾದವುಗಳಿಗೆ ರಕ್ಷಣೆ ಇಲ್ಲವೆಂದು ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಕಾರಿಗೆ ಆಗುವ ನಷ್ಟವನ್ನು ನಿಮ್ಮ ಕೈಯಿಂದಲೇ ಭರಿಸಬೇಕೆಂದು ತಿಳಿದೇ ಹೋಗಿ. ಮಾರ್ಪಾಡಿಗೆಂದು ಇಟ್ಟ ಹಣದಲ್ಲಿ ಒಂದು ಪಾಲನ್ನು ಈ ನಷ್ಟಕ್ಕಾಗಿ ಮುಟ್ಟದೆ ಎತ್ತಿಡುವುದು ನಾನು ಕಟ್ಟುನಿಟ್ಟಾಗಿ ಪಾಲಿಸುವ ಕ್ರಮ.

ಮೊದಲ ದಿನ ಏನನ್ನೂ ಸೇರಿಸಬೇಡಿ

ಮೊದಲ ಟ್ರ್ಯಾಕ್ ದಿನಕ್ಕೆ ಕಾರು ಇದ್ದ ಹಾಗೆಯೇ ಹೋಗಬೇಕು, ಆದರೆ ಆರೋಗ್ಯವಾಗಿರಬೇಕು. ಹೊಸ ಇಂಜಿನ್ ಆಯಿಲ್ ಹಾಕಿಸಿ, ಅದರ ಮಟ್ಟ ಗುರುತಿನ ಮೇಲ್ಗೆರೆಯ ಹತ್ತಿರವಿರಲಿ. ಬ್ರೇಕ್ ಆಯಿಲ್ ಹೊಸದಿರಲಿ, ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಉಳಿದಿರಲಿ. ವೀಲ್ ಬೇರಿಂಗಿನಲ್ಲಿ ಆಟ, ಬಾಲ್ ಜಾಯಿಂಟಿನಲ್ಲಿ ಸಡಿಲ, ಶಾಕ್ ಅಬ್ಸಾರ್ಬರಿನಲ್ಲಿ ಸೋರಿಕೆ ಇವೆಯೇ ಎಂದು ಕಾರನ್ನು ಎತ್ತಿಸಿ ನೋಡಿ. ಗುಂಡಿಬಿದ್ದ ಘಾಟಿ ರಸ್ತೆಗಳಲ್ಲಿ ಓಡಾಡುವ ನಮ್ಮ ಕಾರುಗಳಲ್ಲಿ ಸಸ್ಪೆನ್ಷನ್ ಕೀಲುಗಳ ರಬ್ಬರ್ ಬುಷ್‌ಗಳು ಮೈಸೂರು, ಬೆಂಗಳೂರಿನ ಕಾರುಗಳಿಗಿಂತ ಬೇಗ ಸವೆಯುತ್ತವೆ. ಸವೆದ ಬುಷ್ಷಿನ ಮೇಲೆ ದುಬಾರಿ ಸಸ್ಪೆನ್ಷನ್ ಕೂರಿಸುವುದು ಗೆದ್ದಲು ಹಿಡಿದ ಕಂಬದ ಮೇಲೆ ಹೊಸ ಹೆಂಚು ಹೊದಿಸಿದಂತೆ.

ಟ್ರ್ಯಾಕಿನಲ್ಲಿ ಹದಿನೈದು ಇಪ್ಪತ್ತು ನಿಮಿಷದ ಪ್ರತಿ ಸರದಿ ಮುಗಿದ ಕೂಡಲೇ, ಮಾತಿಗೆ ಕೂರುವ ಮುನ್ನ, ಒಂದು ಪುಸ್ತಕದಲ್ಲಿ ಬರೆದುಕೊಳ್ಳಿ: ಎಷ್ಟನೇ ಸುತ್ತಿನಲ್ಲಿ ಬ್ರೇಕ್ ಪೆಡಲು ಮೆತ್ತಗಾಯಿತು, ಬಿಸಿಯಾದಾಗ ಟೈರಿನ ಗಾಳಿ ಎಷ್ಟಿತ್ತು, ಯಾವ ತಿರುವಿನಲ್ಲಿ ಮುಂಭಾಗ ಹೊರಗೆ ಜಾರಿತು, ನೀರಿನ ಮತ್ತು ಆಯಿಲಿನ ಶಾಖ ಎಲ್ಲಿಗೆ ಏರಿತ್ತು, ಮೊಣಕಾಲು ಎಲ್ಲಿಗೆ ಒತ್ತುತ್ತಿತ್ತು. ಎರಡು ದಿನಗಳ ಇಂಥ ಬರವಣಿಗೆ ಕೈಯಲ್ಲಿದ್ದರೆ ಮುಂದೆ ಏನನ್ನು ಬದಲಿಸಬೇಕೆಂದು ಯಾರನ್ನೂ ಕೇಳಬೇಕಾಗಿಲ್ಲ. ಸಾಧ್ಯವಿದ್ದರೆ ಪಕ್ಕದಲ್ಲಿ ಕುಳಿತು ಹೇಳಿಕೊಡುವ ತರಬೇತುದಾರರಿಗೆ ಹಣ ಕೊಡಿ. ಅದೇ ಹಣಕ್ಕೆ ಬರುವ ಯಾವ ಬಿಡಿಭಾಗವೂ ಅಷ್ಟು ಸಮಯವನ್ನು ಉಳಿಸಿಕೊಡುವುದಿಲ್ಲ.

ಬ್ರೇಕ್: ಹಣ ಇಲ್ಲಿಂದಲೇ ಆರಂಭವಾಗಲಿ

ಚಾಲಕನೂ ಸೇರಿ 1,500 ಕಿಲೋ ತೂಗುವ ಕಾರು ಗಂಟೆಗೆ 160 ಕಿಲೋಮೀಟರ್ ವೇಗದಿಂದ 70ಕ್ಕೆ ಇಳಿಯುವಾಗ ಬ್ರೇಕುಗಳು ನುಂಗಿಕೊಳ್ಳುವ ಶಕ್ತಿ ಸುಮಾರು 12 ಲಕ್ಷ ಜೂಲ್. ಮೂರೂವರೆ ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಲು ಇಷ್ಟು ಶಾಖ ಸಾಕು. ಸೌದೆ ಒಲೆಯ ಮೇಲೆ ಹತ್ತು ನಿಮಿಷವಾದರೂ ಹಿಡಿಯುವ ಈ ಕೆಲಸ ಟ್ರ್ಯಾಕಿನಲ್ಲಿ ಮೂರ್ನಾಲ್ಕು ಸೆಕೆಂಡಿನಲ್ಲಿ, ಬಹುಪಾಲು ಮುಂದಿನ ಎರಡು ಡಿಸ್ಕುಗಳ ಮೇಲೆ, ಪ್ರತಿ ಸುತ್ತಿನಲ್ಲೂ ಹಲವು ಬಾರಿ ನಡೆಯುತ್ತದೆ. ಊರಿನ ರಸ್ತೆಯಲ್ಲಿ ವರ್ಷವಿಡೀ ದೂರು ಹೇಳದ ಬ್ರೇಕು ಇಲ್ಲಿ ಐದು ಸುತ್ತಿಗೆ ಸೋಲುವುದು ಇದೇ ಕಾರಣಕ್ಕೆ.

ಬ್ರೇಕ್ ಎರಡು ಬಗೆಯಲ್ಲಿ ಸೋಲುತ್ತದೆ, ಎರಡಕ್ಕೂ ಮದ್ದು ಬೇರೆ ಬೇರೆ. ಪೆಡಲು ಗಟ್ಟಿಯಾಗಿಯೇ ಇದ್ದು, ಬಲವಾಗಿ ತುಳಿದರೂ ಕಾರು ನಿಧಾನಿಸುತ್ತಿಲ್ಲವಾದರೆ ಪ್ಯಾಡು ಮಿತಿಮೀರಿ ಕಾದಿದೆ. ಪೆಡಲು ಮೆತ್ತಗಾಗಿ ಕೆಳಗಿಳಿಯುತ್ತ, ನೆಲ ಮುಟ್ಟುತ್ತಿದ್ದರೆ ಆಯಿಲು ಕುದಿದು ಆವಿಯ ಗುಳ್ಳೆಗಳು ಎದ್ದಿವೆ. ಮೊದಲನೆಯದಕ್ಕೆ ಪ್ಯಾಡ್ ಬದಲಿಸಬೇಕು, ಎರಡನೆಯದಕ್ಕೆ ಆಯಿಲ್. ಈ ವ್ಯತ್ಯಾಸ ಗುರುತಿಸದೆ ದೊಡ್ಡ ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಹಾಕಿಸಿ, ಹಳೆಯ ಆಯಿಲಿನಲ್ಲೇ ಮತ್ತೆ ಟ್ರ್ಯಾಕಿಗೆ ಹೋದವರನ್ನು ಕಂಡಿದ್ದೇನೆ.

ನನ್ನ ಆಕ್ಟೇವಿಯಾ ಆರ್‌ಎಸ್‌ನ ಮೊದಲ ದಿನ ಇರುಂಗಾಟ್ಟುಕೊಟ್ಟೈನಲ್ಲಿ ಕಳೆಯಿತು. ಎರಡನೇ ಸರದಿಯ ನಾಲ್ಕನೇ ಸುತ್ತಿನಲ್ಲಿ ಪೆಡಲು ಅರ್ಧಕ್ಕೆ ಇಳಿಯಿತು. ಒಂದು ಸುತ್ತು ನೋಡೋಣವೆಂದು ಮುಂದುವರಿದೆ, ಅದು ನನ್ನ ತಪ್ಪು. ಐದನೇ ಸುತ್ತಿನಲ್ಲಿ ನೇರದಾರಿಯ ಕೊನೆಗೆ ತುಳಿದಾಗ ಪೆಡಲು ಕಾಲಿನಡಿಯ ಮ್ಯಾಟಿನವರೆಗೂ ಹೋಯಿತು. ಎರಡು ಮೂರು ಬಾರಿ ಒತ್ತಿ ಒತ್ತಿ ಬಿಟ್ಟ ಮೇಲೆ ಅಷ್ಟಿಷ್ಟು ಹಿಡಿತ ಸಿಕ್ಕಿ, ಕಾರು ಟ್ರ್ಯಾಕಿನಿಂದಾಚೆ ಮಣ್ಣಿನಲ್ಲಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಪಿಟ್‌ನಲ್ಲಿ ಮೆಕ್ಯಾನಿಕ್ ಮುಂದಿನ ಚಕ್ರದಲ್ಲಿ ಬ್ರೇಕ್ ಆಯಿಲ್ ಹೊರಬಿಡುವ ಬ್ಲೀಡ್ ನಿಪ್ಪಲ್ಲಿಗೆ ಪಾರದರ್ಶಕ ಪೈಪು ಸಿಕ್ಕಿಸಿ ಸಡಿಲಿಸಿದಾಗ ಬಂದದ್ದು ಎರಡನೇ ಡಿಕಾಕ್ಷನ್ನಿನ ಬಣ್ಣದ ದ್ರವ, ನಡುನಡುವೆ ಸಾಸಿವೆ ಕಾಳಿನಷ್ಟು ಗುಳ್ಳೆಗಳು. ಹೊಸ ಬ್ರೇಕ್ ಆಯಿಲ್ ತಿಳಿ ಹೊಂಬಣ್ಣದಲ್ಲಿರುತ್ತದೆ. ಎರಡು ತಿಂಗಳ ಹಿಂದೆ ಊರಿನ ಗ್ಯಾರೇಜೊಂದು ಕೊಟ್ಟ ಬಿಲ್ಲಿನಲ್ಲಿ ಆಯಿಲ್ ಬದಲಿಸಿದೆ ಎಂದಿತ್ತು. ಮೇಲಿನ ಡಬ್ಬಿಯಲ್ಲಿದ್ದುದನ್ನಷ್ಟೇ ಬದಲಿಸಿ, ಚಕ್ರಗಳ ಬಳಿಯ ಹಳೆಯದನ್ನು ಹಾಗೆಯೇ ಬಿಟ್ಟಿದ್ದರು. ಅಂದಿನಿಂದ ನಾಲ್ಕೂ ಚಕ್ರದಲ್ಲಿ ಹೊಸ ಬಣ್ಣ ಬರುವವರೆಗೆ ಪಕ್ಕದಲ್ಲೇ ನಿಂತು ನೋಡುತ್ತೇನೆ, ನೀವೂ ಹಾಗೆ ಮಾಡಿ.

ಮಲೆನಾಡಿನವರು ಇದರಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುವ ದ್ರವ. ಒಣಗಿಸಿಟ್ಟ ಕಾಫಿ ಮಳೆಗಾಲದಲ್ಲಿ ಮತ್ತೆ ತೇವ ಎಳೆದುಕೊಳ್ಳುವ ಹಾಗೆಯೇ ಇದೂ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದೆ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 5.1ಕ್ಕೆ ಈ ಅಂಕಿಗಳು 260 ಮತ್ತು 180. ರೇಸಿಂಗಿಗೆಂದು ಮಾಡಿದ ಆಯಿಲುಗಳು ಹೊಸದಾಗಿದ್ದಾಗ 300 ಡಿಗ್ರಿಗೂ ಮೇಲೆ ತಡೆಯುತ್ತವೆ. ಡಾಟ್ 5 ಎಂಬುದು ಸಿಲಿಕೋನಿನದು. ಅಂಕಿ ನೋಡಿ 5.1 ಎಂದು ಭ್ರಮಿಸಿ ಅದನ್ನು ಬೆರೆಸಬೇಡಿ. ಮುಂಗಾರು ಕಳೆದ ಮೇಲೆ ಒಮ್ಮೆ, ಪ್ರತಿ ಟ್ರ್ಯಾಕ್ ದಿನಕ್ಕೆ ಮುನ್ನ ಒಮ್ಮೆ ಬದಲಿಸಿದರೆ ಸಾಕು. ಅರ್ಧ ಉಳಿದ ಡಬ್ಬಿಯನ್ನು ಮುಂದಿನ ವರ್ಷಕ್ಕೆ ಎತ್ತಿಡಬೇಡಿ, ಅದು ಶೆಲ್ಫಿನಲ್ಲೇ ತೇವ ಹಿಡಿಯುತ್ತದೆ.

ಪ್ಯಾಡಿನ ಆಯ್ಕೆಯಲ್ಲಿ ಅತಿಯಾಸೆ ಒಳ್ಳೆಯದಲ್ಲ. ಪೂರ್ಣ ರೇಸಿಂಗ್ ಪ್ಯಾಡು ತಣ್ಣಗಿದ್ದಾಗ ಹಿಡಿಯುವುದಿಲ್ಲ, ಕಿರುಚುತ್ತದೆ, ಡಿಸ್ಕನ್ನೂ ತಿನ್ನುತ್ತದೆ. ಬೆಳಗಿನ ಆರರ ಮಂಜಿನಲ್ಲಿ ಘಾಟಿಯ ಮೊದಲ ತಿರುವಿಗೆ ಬಂದಾಗ ಅದು ಅಪಾಯವೇ. ರಸ್ತೆಗೂ ಆಗುವ, ಟ್ರ್ಯಾಕಿಗೂ ತಾಳುವ ನಡುದರ್ಜೆಯ ಪ್ಯಾಡು ಹೆಚ್ಚಿನವರಿಗೆ ಸರಿ. ಅದೂ ಸೋತರೆ ಮಾತ್ರ ರೇಸಿಂಗ್ ಪ್ಯಾಡನ್ನು ಡಿಕ್ಕಿಯಲ್ಲಿ ಒಯ್ದು, ಅಲ್ಲಿ ಹಾಕಿಸಿ, ಮರಳುವ ಮುನ್ನ ಬದಲಿಸಿ. ಹೊಸ ಪ್ಯಾಡನ್ನು ಹದಗೊಳಿಸುವ ಕೆಲಸವನ್ನು ಊರ ರಸ್ತೆಯಲ್ಲಿ ಮಾಡದೆ ಟ್ರ್ಯಾಕಿನ ಮೊದಲ ಸರದಿಗೆ ಇಟ್ಟುಕೊಳ್ಳಿ: ಸಾಧಾರಣ ವೇಗದಲ್ಲಿ ಎಂಟು ಹತ್ತು ಬಾರಿ ಹಂತಹಂತವಾಗಿ ಒತ್ತಡ ಹೆಚ್ಚಿಸುತ್ತ ಬ್ರೇಕ್ ಹಿಡಿದು, ಕಾರನ್ನು ಪೂರ್ತಿ ನಿಲ್ಲಿಸದೆ, ಎರಡು ಸುತ್ತು ತಣ್ಣಗಾಗಲು ಬಿಟ್ಟರೆ ಆಯಿತು. ರಂಧ್ರ ಕೊರೆದ ಡಿಸ್ಕುಗಳು ನೋಡಲು ಚೆಂದ, ಆದರೆ ಶಾಖಕ್ಕೆ ರಂಧ್ರದ ಅಂಚಿನಿಂದ ಬಿರುಕು ಬಿಡುವುದು ಹೆಚ್ಚು. ನುಣುಪಾದ ಒಳ್ಳೆಯ ಡಿಸ್ಕೇ ಸಾಕು. ಸ್ಟೀಲ್ ಹೆಣಿಗೆಯ ಬ್ರೇಕ್ ಪೈಪು ಪೆಡಲಿಗೆ ಗಟ್ಟಿತನ ಕೊಡುತ್ತದೆ, ಹಳೆಯ ರಬ್ಬರ್ ಪೈಪು ಬದಲಿಸುವ ಕಾಲ ಬಂದಾಗ ಹಾಕಿಸಿ. ದೊಡ್ಡ ಡಿಸ್ಕ್ ಮತ್ತು ಕ್ಯಾಲಿಪರ್ ಶಾಖ ತಾಳುವ ಶಕ್ತಿಯನ್ನು ಹೆಚ್ಚಿಸುತ್ತವೆಯೇ ಹೊರತು, ಟೈರಿನ ಹಿಡಿತ ಇದ್ದಷ್ಟೇ ಇರುವಾಗ ಕಾರು ನಿಲ್ಲುವ ದೂರವನ್ನು ಕಡಿಮೆ ಮಾಡುವುದಿಲ್ಲ.

ಟೈರ್ ಮತ್ತು ಗಾಳಿ

ಮೊದಲು ಟೈರಿನ ವಯಸ್ಸು ನೋಡಿ. ಪಕ್ಕದ ಗೋಡೆಯ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ. 2321 ಎಂದಿದ್ದರೆ 2021ರ 23ನೇ ವಾರದಲ್ಲಿ ತಯಾರಾದದ್ದು. ಐದು ವರ್ಷ ದಾಟಿದ ಟೈರನ್ನು, ಮೇಲಿನ ಗೀರು ಎಷ್ಟೇ ಆಳ ಉಳಿದಿರಲಿ, ನಾನು ಟ್ರ್ಯಾಕಿಗೆ ಇಳಿಸುವುದಿಲ್ಲ. ಮೊದಲೆರಡು ದಿನಗಳಿಗೆ ಒಳ್ಳೆಯ ರಸ್ತೆ ಟೈರೇ ಉತ್ತಮ ಗುರು, ಏಕೆಂದರೆ ಹಿಡಿತ ತಪ್ಪುವ ಮುನ್ನ ಅದು ಕೀರಲು ದನಿಯಲ್ಲಿ ಎಚ್ಚರಿಸುತ್ತದೆ. ಟ್ರ್ಯಾಕಿಗೆ ಒಪ್ಪುವ, ಸವೆತದ ಅಂಕಿ (ಟ್ರೆಡ್‌ವೇರ್; ಕಡಿಮೆಯಾದಷ್ಟೂ ಬೇಗ ಸವೆಯುತ್ತದೆ) 200ರ ಆಸುಪಾಸಿನಲ್ಲಿರುವ ಟೈರಿಗೆ ಆಮೇಲೆ ಹೋಗಬಹುದು. ಅದು ಹಿಡಿಯುತ್ತದೆ, ಆದರೆ ಬೇಗ ಕರಗುತ್ತದೆ, ಕೆಲವು ಮಾದರಿಗಳು ಮಳೆಯ ರಸ್ತೆಯಲ್ಲಿ ಜಾರುತ್ತವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಸುರಿಯುವ ನಮ್ಮ ಊರಿನಲ್ಲಿ ಅದನ್ನೇ ಹಾಕಿಕೊಂಡು ಓಡಾಡುವುದು ತರವಲ್ಲ. ಎರಡನೇ ಜೊತೆ ರಿಮ್ ಸೊಗಸಿಗಾಗಿ ಅಲ್ಲ, ಇದಕ್ಕಾಗಿ ಬೇಕು.

ಇನ್ನು ಗಾಳಿಯ ವಿಷಯ. ಇದಕ್ಕೆ ಒಂದು ಒಳ್ಳೆಯ ಗೇಜು ಬಿಟ್ಟರೆ ಖರ್ಚೇ ಇಲ್ಲ, ಆದರೂ ಹೆಚ್ಚಿನವರು ಇದನ್ನೇ ಅಲಕ್ಷಿಸುತ್ತಾರೆ. ಚಿಕ್ಕಮಗಳೂರು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ, ಇರುಂಗಾಟ್ಟುಕೊಟ್ಟೈ ಬಹುತೇಕ ಸಮುದ್ರಮಟ್ಟದಲ್ಲೇ ಇದೆ. ಇಲ್ಲಿ ಬೆಳಿಗ್ಗೆ 18 ಡಿಗ್ರಿ ಚಳಿಯಲ್ಲಿ 32 ಪಿಎಸ್‌ಐ ತುಂಬಿದ ಟೈರು ಅಲ್ಲಿನ 34 ಡಿಗ್ರಿಗೆ ಹೋದಾಗ ಶಾಖದಿಂದ ಸುಮಾರು ಎರಡೂವರೆ ಪಿಎಸ್‌ಐ ಏರುತ್ತದೆ. ಆದರೆ ಅಲ್ಲಿ ಹೊರಗಿನ ಗಾಳಿಯ ಒತ್ತಡವೇ ಹೆಚ್ಚಿರುವುದರಿಂದ ಗೇಜಿನಲ್ಲಿ ಒಂದೂವರೆ ಪಿಎಸ್‌ಐಗಿಂತ ತುಸು ಹೆಚ್ಚೇ ಇಳಿದು ಕಾಣುತ್ತದೆ. ಒಂದನ್ನೊಂದು ಕಳೆದು ಗೇಜು 33ರ ಹತ್ತಿರ ತೋರಿಸಿ, ಏನೂ ಬದಲಾಗಿಲ್ಲವೆಂಬ ಭ್ರಮೆ ಹುಟ್ಟಿಸುತ್ತದೆ. ಇದಕ್ಕೆ ಹೆದ್ದಾರಿಯ ಓಟದ ಬಿಸಿ, ಬಿಸಿಲಿಗೆ ತಾಗಿದ ಬದಿಯ ಬಿಸಿ ಬೇರೆ ಸೇರುತ್ತದೆ. ಆದ್ದರಿಂದ ಊರಿನಲ್ಲಿ ಹೊಂದಿಸಿದ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಹಿಂದಿನ ರಾತ್ರಿ ಅಲ್ಲಿಗೆ ತಲುಪಿ, ಬೆಳಿಗ್ಗೆ ಕಾರು ನೆರಳಿನಲ್ಲಿ ತಣ್ಣಗಿರುವಾಗ ಅಲ್ಲಿಯೇ ಅಳೆದು, ಬಾಗಿಲಿನ ಬಳಿಯ ಚೀಟಿಯಲ್ಲಿ ತಯಾರಕರು ಹೇಳಿದ ಅಂಕಿಯಿಂದ ಆರಂಭಿಸಿ.

ಪ್ರತಿ ಸರದಿ ಮುಗಿದು ಪಿಟ್ಟಿಗೆ ಬಂದ ಒಂದೆರಡು ನಿಮಿಷದೊಳಗೆ ಮತ್ತೆ ಅಳೆಯಿರಿ. ಮುಂದಿನ ಚಕ್ರಗಳಿಂದ ಓಡುವ ಮಧ್ಯಮ ತೂಕದ ಕಾರುಗಳಲ್ಲಿ ಬಿಸಿಯಾದಾಗ 34ರಿಂದ 36 ಪಿಎಸ್‌ಐ ಇರುವಂತೆ ನೋಡಿಕೊಳ್ಳುವುದು ನನ್ನ ಆರಂಭದ ಅಂದಾಜು. ಅಂತಿಮ ತೀರ್ಪು ಟೈರಿನದೇ. ಟೈರಿನ ಮೇಲ್ಮೈಯಿಂದ ಪಕ್ಕದ ಗೋಡೆಗೆ ಇಳಿಯುವಂತೆ ಸೀಮೆಸುಣ್ಣದಲ್ಲಿ ಮೂರು ಕಡೆ ಗೆರೆ ಎಳೆಯಿರಿ. ಸರದಿ ಮುಗಿದಾಗ ಗೆರೆ ಭುಜದ ಅಂಚಿನವರೆಗೆ ಮಾತ್ರ ಅಳಿಸಿದ್ದರೆ ಗಾಳಿ ಸರಿಯಿದೆ. ಗೋಡೆಯ ಮೇಲೂ ಅಳಿಸಿದ್ದರೆ ಟೈರು ಮಡಚಿಕೊಳ್ಳುತ್ತಿದೆ, ಗಾಳಿ ಏರಿಸಬೇಕು. ಅಂಚಿನಲ್ಲಿ ಹಾಗೆಯೇ ಉಳಿದಿದ್ದರೆ ಗಾಳಿ ಹೆಚ್ಚಾಗಿದೆ. ನಾಲ್ಕು ದಿನ ಟ್ರ್ಯಾಕಿನಲ್ಲಿ ಓಡಿಸಿದವರೂ ಈ ಸೀಮೆಸುಣ್ಣದ ಪರೀಕ್ಷೆಯ ನಂತರ ಕಾರೇ ಬೇರೆಯಾಯಿತು ಎಂದದ್ದುಂಟು.

ಅಲೈನ್‌ಮೆಂಟ್, ಆಮೇಲೆ ಸಸ್ಪೆನ್ಷನ್

ದಿನದ ಕೊನೆಗೆ ಮುಂದಿನ ಟೈರುಗಳ ಹೊರಭುಜ ಮಾತ್ರ ಹರಿದು, ಒಳಭಾಗ ಹೊಸದರಂತಿದ್ದರೆ ಕ್ಯಾಂಬರ್, ಅಂದರೆ ಚಕ್ರದ ವಾಲು, ಸಾಲದು ಎಂದರ್ಥ. ತಿರುವಿನಲ್ಲಿ ಕಾರು ವಾಲಿದಾಗಲೂ ಟೈರು ಪೂರ್ತಿ ನೆಲಕ್ಕೆ ಕೂರಬೇಕಾದರೆ ಚಕ್ರದ ಮೇಲಂಚು ಒಳಕ್ಕೆ ವಾಲಿರಬೇಕು. ರಸ್ತೆ ಕಾರುಗಳಲ್ಲಿ ಇದು ಸಾಮಾನ್ಯವಾಗಿ ಒಂದು ಡಿಗ್ರಿಗಿಂತ ಕಡಿಮೆ ಇರುತ್ತದೆ. ಟ್ರ್ಯಾಕಿಗೆ ಎರಡು, ಎರಡೂವರೆ ಡಿಗ್ರಿ ಬೇಕೆನಿಸುತ್ತದೆ. ಹಲವು ಕಾರುಗಳಲ್ಲಿ ಕ್ಯಾಂಬರ್ ಬೋಲ್ಟುಗಳಿಂದಲೇ ಒಂದು ಡಿಗ್ರಿಯಷ್ಟು ಪಡೆಯಬಹುದು, ಖರ್ಚೂ ಕಡಿಮೆ. ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಪ್ರಮಾಣ) ಮಾತ್ರ ಸೊನ್ನೆಯ ಹತ್ತಿರವಿರಲಿ, ಇಲ್ಲವಾದರೆ ಮರಳುವ 550 ಕಿಲೋಮೀಟರಿನಲ್ಲಿ ಒಳಭುಜ ಸವೆದುಹೋಗುತ್ತದೆ.

ನಮ್ಮೂರಿನಲ್ಲಿ ಸಸ್ಪೆನ್ಷನ್ ಬಲ್ಲ ಮೆಕ್ಯಾನಿಕ್‌ಗಳಿಗೆ ಕೊರತೆಯಿಲ್ಲ. ದಶಕಗಳಿಂದ ಕಾಫಿ ತೋಟಗಳ ನಡುವಿನ ಮಣ್ಣುದಾರಿಗಳಲ್ಲಿ ರ‍್ಯಾಲಿ ನಡೆಯುತ್ತ ಬಂದಿರುವ ಊರಿದು. ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್‌ಷಿಪ್‌ನ ಸುತ್ತುಗಳನ್ನು ಇಲ್ಲಿನ ಜನ ಬೇಲಿಯಾಚೆ ನಿಂತು ನೋಡಿ ಬೆಳೆದಿದ್ದಾರೆ. ಆ ಅನುಭವದ ಬಗ್ಗೆ ನನಗೆ ಅಪಾರ ಗೌರವವಿದೆ, ಬ್ರೇಕ್ ಮತ್ತು ಸುರಕ್ಷತೆಯ ವಿಷಯದಲ್ಲಿ ಅವರು ಹೇಳಿದ್ದನ್ನು ಕಣ್ಣುಮುಚ್ಚಿ ಕೇಳಬಹುದು. ಆದರೆ ರ‍್ಯಾಲಿಯ ಸಸ್ಪೆನ್ಷನ್ನಿನ ಹದವನ್ನು ಟ್ರ್ಯಾಕಿಗೆ ತರಲಾಗದು. ಹಳ್ಳದಿಣ್ಣೆಗಳನ್ನು ನುಂಗಲು ಅದಕ್ಕೆ ಉದ್ದದ ಚಲನೆ, ಎತ್ತರ, ಮೆದುತನ ಬೇಕು. ನುಣುಪಾದ ಟ್ರ್ಯಾಕಿಗೆ ಕಾರು ಕಡಿಮೆ ವಾಲುವಂತಿರಬೇಕು. ಎರಡರ ನಡುವೆ ನಿಮ್ಮ ಕಾರು ದಿನವೂ ಓಡಾಡುವ ಆಲ್ದೂರು, ಮೂಡಿಗೆರೆಯ ರಸ್ತೆಗಳಿವೆ. ಹಾಗಾಗಿ ನನ್ನ ಸಲಹೆ ಹೀಗೆ: ಶಾಕ್ ಅಬ್ಸಾರ್ಬರ್ ದಣಿದಿದ್ದರೆ ಅದೇ ಎತ್ತರದ, ತುಸು ಗಟ್ಟಿಯಾದವನ್ನು ಹಾಕಿಸಿ, ಮುಂದಿನ ಚಕ್ರಗಳಿಂದ ಓಡುವ ಕಾರಿನ ಮೂತಿ ತಿರುವಿನಲ್ಲಿ ಹೊರಗೆ ಜಾರುತ್ತಲೇ ಇದ್ದರೆ ಹಿಂದಿನ ಆ್ಯಂಟಿ ರೋಲ್ ಬಾರನ್ನು (ಕಾರು ವಾಲದಂತೆ ತಡೆಯುವ ಸರಳು) ದಪ್ಪ ಮಾಡಿಸಿ. ಎತ್ತರ ಹೊಂದಿಸಬಹುದಾದ ಸ್ಪ್ರಿಂಗು ಮತ್ತು ಶಾಕ್‌ನ ಜೋಡಿ, ಅಂದರೆ ಕಾಯಿಲ್‌ಓವರ್, ಬೇಕೇಬೇಕು ಎಂದಾದರೆ ಹತ್ತಾರು ದಿನ ಓಡಿಸಿದ ಮೇಲೆ ಯೋಚಿಸಿ. ಶಾಕ್ ಬದಲಿಸದೆ ಬರೀ ಸ್ಪ್ರಿಂಗು ತಗ್ಗಿಸುವುದನ್ನು ಮಾತ್ರ ಯಾರಿಗೂ ಹೇಳಲಾರೆ.

ಸೀಟು, ಬೆಲ್ಟು, ಹೆಲ್ಮೆಟ್

ತಿರುವಿನಲ್ಲಿ ಸ್ಟೇರಿಂಗನ್ನು ಆತುಕೊಂಡು ದೇಹವನ್ನು ಹಿಡಿದಿಟ್ಟುಕೊಳ್ಳುವ ಚಾಲಕನಿಗೆ ಟೈರು ಹೇಳುವುದು ಕೈಗೆ ತಿಳಿಯುವುದಿಲ್ಲ. ಒಳ್ಳೆಯ ಸೀಟು ಸಮಯವನ್ನು ಉಳಿಸುತ್ತದೆ ಎಂಬುದು ನಿಜ, ಆದರೆ ಮೂಲ ಸೀಟಿನಲ್ಲಿ ಸೈಡ್ ಏರ್‌ಬ್ಯಾಗ್ ಇದ್ದರೆ ಅದನ್ನು ಬಿಟ್ಟುಕೊಡಬೇಕಾಗುತ್ತದೆ, ಆ ಕಾರಿನಲ್ಲೇ ಮಕ್ಕಳು ಶಾಲೆಗೆ ಹೋಗುತ್ತಿದ್ದರೆ ಇದನ್ನು ಎರಡು ಬಾರಿ ಯೋಚಿಸಿ.

ಬೆಲ್ಟಿನ ವಿಷಯದಲ್ಲಿ ನನಗೆ ರಾಜಿಯಿಲ್ಲ. ಕಾರ್ಖಾನೆಯ ಸೀಟಿಗೆ ನಾಲ್ಕು ಕಡೆ ಬಿಗಿಯುವ ಹಾರ್ನೆಸ್ ಕಟ್ಟಿಕೊಳ್ಳಬೇಡಿ. ಡಿಕ್ಕಿಯಾದಾಗ ದೇಹ ಬೆಲ್ಟಿನಡಿ ಮುಂದಕ್ಕೆ ನುಸುಳಿ ಹೊಟ್ಟೆಗೆ ಪೆಟ್ಟಾಗುತ್ತದೆ. ಕಾರು ಮಗುಚಿ ಚಾವಣಿ ಕುಸಿದಾಗ ನೆಟ್ಟಗೆ ಬಿಗಿದ ದೇಹಕ್ಕೆ ಪಕ್ಕಕ್ಕೆ ವಾಲಲು ಆಗುವುದಿಲ್ಲ. ಭುಜ ನಿಂತು ತಲೆ ಮಾತ್ರ ಮುಂದೆ ಎಸೆಯಲ್ಪಟ್ಟಾಗ ಕುತ್ತಿಗೆಗೆ ಅಪಾಯ. ಹಾರ್ನೆಸ್ ಎಂದರೆ ಬಕೆಟ್ ಸೀಟು, ರೋಲ್ ಕೇಜ್ (ಕಾರಿನೊಳಗೆ ಕೂರಿಸುವ ಕಬ್ಬಿಣದ ಪೈಪಿನ ಚೌಕಟ್ಟು), ಕುತ್ತಿಗೆಯನ್ನು ಹಿಡಿದಿಡುವ ಹ್ಯಾನ್ಸ್ ಸಾಧನ ಇವೆಲ್ಲವೂ ಸೇರಿದ ಒಂದೇ ವ್ಯವಸ್ಥೆ. ಅಷ್ಟನ್ನೂ ಹಾಕಿಸುವಂತಿಲ್ಲವಾದರೆ ಕಾರಿನ ಮೂಲ ಬೆಲ್ಟೇ ಒಳ್ಳೆಯದು. ರೋಲ್ ಕೇಜನ್ನು ರಸ್ತೆ ಕಾರಿನಲ್ಲಿ ಕೂರಿಸಿ ಹೆಲ್ಮೆಟ್ ಇಲ್ಲದೆ ಓಡಾಡುವುದೂ ತಪ್ಪು, ಸಣ್ಣ ಅಪಘಾತದಲ್ಲೂ ತಲೆ ಕಬ್ಬಿಣಕ್ಕೆ ಬಡಿಯುತ್ತದೆ. ಹೆಲ್ಮೆಟ್ ಕೊಳ್ಳುವಾಗ ಕಾರಿಗೆಂದೇ ಮಾಡಿದ, ಬೆಂಕಿ ತಾಳುವ ಸ್ನೆಲ್ ಎಸ್‌ಎ ದರ್ಜೆಯದನ್ನು ನೋಡಿ. ಬೆಂಕಿ ಆರಿಸುವ ಸಿಲಿಂಡರನ್ನು ಸೀಟಿನ ಮುಂದೆ ಲೋಹದ ಪಟ್ಟಿಯಿಂದ ಬಿಗಿಯಿರಿ, ಬಿಡಿಯಾಗಿ ಎಸೆದಿಡಬೇಡಿ.

ಇಂಜಿನ್: ಮೊದಲು ತಂಪು, ಆಮೇಲೆ ಶಕ್ತಿ

ಇಂಜಿನ್ ಆಯಿಲಿನ ಶಾಖ 130 ಡಿಗ್ರಿ ದಾಟುತ್ತಿದ್ದರೆ ಸರದಿಯನ್ನು ಚಿಕ್ಕದು ಮಾಡಿ. ಪದೇಪದೇ ಹೀಗಾಗುತ್ತಿದ್ದರೆ ಆಯಿಲ್ ಕೂಲರ್ ಹಾಕಿಸಿ. ನೀರಿನ ಶಾಖ ಮೊದಲು ಏರುತ್ತಿದ್ದರೆ ಹೊಸ ರೇಡಿಯೇಟರಿಗೆ ಮುನ್ನ ಹಳೆಯದರ ಮುಂದೆ ಕೂತ ಕೆಮ್ಮಣ್ಣು, ಎಲೆಚೂರು, ಹುಳುಗಳನ್ನು ತೊಳೆಸಿ. ತೋಟದ ದಾರಿಯಲ್ಲಿ ಓಡಾಡುವ ಕಾರುಗಳಲ್ಲಿ ಎಸಿ ಕಂಡೆನ್ಸರಿಗೂ ರೇಡಿಯೇಟರಿಗೂ ನಡುವಿನ ಸಂದಿನಲ್ಲಿ ಒಂದು ಹಿಡಿ ಒಣಗಿದ ಕಸ ಸಿಕ್ಕರೆ ಆಶ್ಚರ್ಯವಿಲ್ಲ.

ಶಕ್ತಿ ಹೆಚ್ಚಿಸುವ ಯೋಚನೆ ಇದೆಲ್ಲ ಮುಗಿದ ಮೇಲೆ. ಟರ್ಬೊ ಇಲ್ಲದ ಇಂಜಿನ್ನಿಗೆ ರೀಮ್ಯಾಪ್, ಫಿಲ್ಟರ್, ಸೈಲೆನ್ಸರ್ ಎಲ್ಲ ಸೇರಿಸಿದರೂ ಸಿಗುವುದು ಅತ್ಯಲ್ಪ. ಟರ್ಬೊ ಇಂಜಿನ್ನಿಗೆ ರೀಮ್ಯಾಪಿನಿಂದ ನಿಜವಾಗಿಯೂ ದೊಡ್ಡ ವ್ಯತ್ಯಾಸ ಬರುತ್ತದೆ, ಆದರೆ ಆ ಶಕ್ತಿಯನ್ನು ಹೊರುವ ಗೇರ್‌ಬಾಕ್ಸ್ ಮತ್ತು ಕಳೆಯಬೇಕಾದ ಬ್ರೇಕ್ ಹಳೆಯವೇ ಆಗಿರುತ್ತವೆ. ಹಳೆಯ ಪೋಲೊ ಜಿಟಿ 1.2 ಟಿಎಸ್‌ಐನಲ್ಲಿ ಇದ್ದ ಏಳು ಗೇರಿನ, ಒಣ ಕ್ಲಚ್ಚಿನ ಡಿಎಸ್‌ಜಿ (ಸ್ವಯಂಚಾಲಿತ ಗೇರ್‌ಬಾಕ್ಸ್) 250 ನ್ಯೂಟನ್ ಮೀಟರ್ ಟಾರ್ಕಿಗೆಂದು ರೂಪಿಸಿದ್ದು. ಆಕ್ಟೇವಿಯಾ ಆರ್‌ಎಸ್ 230ರ ಆರು ಗೇರಿನ ಡಿಎಸ್‌ಜಿಯ ಲೆಕ್ಕ 350, ಅದರ ಇಂಜಿನ್ ಕಾರ್ಖಾನೆಯಿಂದಲೇ 350 ಕೊಡುತ್ತದೆ. ಅದರ ಮೇಲೆ ಇನ್ನಷ್ಟು ಸೇರಿಸಿದರೆ ಮೊದಲು ಜಾರುವುದು ಕ್ಲಚ್ಚು, ಆಮೇಲೆ ಕೈಬಿಡುವುದು ವಾರಂಟಿ. ನನ್ನ ಕಾರು ಇಂದಿಗೂ ಕಾರ್ಖಾನೆಯ ಮ್ಯಾಪಿನಲ್ಲೇ ಇದೆ.

ತೂಕ ಇಳಿಸುವುದಕ್ಕೆ ಕೊಯ್ದು ಕತ್ತರಿಸಬೇಕಾಗಿಲ್ಲ. ಟ್ರ್ಯಾಕಿಗೆ ಇಳಿಯುವ ಮುನ್ನ ಸ್ಟೆಪ್ನಿ, ಜ್ಯಾಕು, ಮ್ಯಾಟು, ಬ್ಯಾಗುಗಳನ್ನು ಹೊರಗಿಟ್ಟು, ಪೆಟ್ರೋಲನ್ನು ಅರ್ಧ ಟ್ಯಾಂಕಿನಲ್ಲಿಟ್ಟರೆ ಮೂವತ್ತು ನಲವತ್ತು ಕಿಲೋ ತಾನಾಗಿಯೇ ಇಳಿಯುತ್ತದೆ. ತೀರ ಕಡಿಮೆ ಪೆಟ್ರೋಲಿದ್ದರೆ ಉದ್ದನೆಯ ತಿರುವುಗಳಲ್ಲಿ ಅದು ಟ್ಯಾಂಕಿನ ಒಂದು ಬದಿಗೆ ಸರಿದು ಪಂಪಿಗೆ ಸಿಗದೆ ಹೋಗಬಹುದು, ಆದ್ದರಿಂದ ಕಾಲು ಟ್ಯಾಂಕಿಗಿಂತ ಕೆಳಗೆ ಇಳಿಸಬೇಡಿ.

ಒಂದು ಸಲಕ್ಕೆ ಒಂದೇ ಬದಲಾವಣೆ

ಎರಡು ಬದಲಾವಣೆಗಳನ್ನು ಒಟ್ಟಿಗೆ ಮಾಡಿದರೆ ಯಾವುದು ಕೆಲಸ ಮಾಡಿತು ಎಂದು ತಿಳಿಯುವುದಿಲ್ಲ. ಒಂದು ಒಳ್ಳೆಯದು ಮಾಡಿ ಇನ್ನೊಂದು ಕೆಡಿಸಿದ್ದರಂತೂ ಎರಡೂ ವ್ಯರ್ಥವೆನಿಸುತ್ತವೆ. ಹೊಸ ಟೈರು ಹಾಕಿದ ದಿನ ಆ್ಯಂಟಿ ರೋಲ್ ಬಾರನ್ನು ಮುಟ್ಟಬೇಡಿ. ಒಂದು ಸುತ್ತಿನ ಅತ್ಯುತ್ತಮ ಸಮಯಕ್ಕಿಂತ ಸರದಿಯ ನಡುವಿನ ಐದಾರು ಸುತ್ತುಗಳ ಸರಾಸರಿಯನ್ನು ಹೋಲಿಸಿ. ಬಿಸಿಲು ಏರಿದಂತೆ ಸಮಯ ತಾನಾಗಿಯೇ ಬದಲಾಗುವುದರಿಂದ ಬೆಳಗಿನ ಸರದಿಯನ್ನು ಬೆಳಗಿನದರೊಂದಿಗೇ ಇಟ್ಟು ನೋಡಿ. ಕೊಳ್ಳಬೇಕೆಂದಿರುವ ಬಿಡಿಭಾಗ ಪುಸ್ತಕದಲ್ಲಿ ಬರೆದ ಯಾವ ಸಾಲಿಗೆ ಉತ್ತರ ಎಂದು ಹೆಬ್ಬೆರಳಿಟ್ಟು ತೋರಿಸಲಾಗದಿದ್ದರೆ ಅದನ್ನು ಮುಂದಿನ ಸಲಕ್ಕೆ ಬಿಡಿ.

ಕೊನೆಯ ಸರದಿಯ ಕೊನೆಯ ಸುತ್ತನ್ನು ಬ್ರೇಕು ಮುಟ್ಟದಷ್ಟು ನಿಧಾನವಾಗಿ ಮುಗಿಸಿ, ಪಿಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ಅಥವಾ ಕಲ್ಲು ಕೊಟ್ಟು ನಿಲ್ಲಿಸಿ. ಕಾದ ಪ್ಯಾಡು ಡಿಸ್ಕಿಗೆ ಅಂಟಿಕೊಳ್ಳುತ್ತದೆ. ಕಾರು ಪೂರ್ತಿ ತಣಿದ ಮೇಲೆ ಚಕ್ರದ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದ ಕೈಪಿಡಿಯ ಅಂಕಿಗೆ ಬಿಗಿಯಿರಿ. ಹಲವು ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾ ಕಾರುಗಳಿಗೆ ಅದು 120 ನ್ಯೂಟನ್ ಮೀಟರ್. ಪ್ಯಾಡಿನಲ್ಲಿ ಎಷ್ಟು ಉಳಿದಿದೆ ನೋಡಿ, ಬ್ರೇಕ್ ಆಯಿಲಿನ ಮಟ್ಟ ನೋಡಿ, ಸ್ಟೆಪ್ನಿಯನ್ನು ಮತ್ತೆ ಡಿಕ್ಕಿಗೆ ಹಾಕಿ. ಬಿಸಿಯಲ್ಲಿ ಇಳಿಸಿದ ಗಾಳಿ ರಾತ್ರಿಯ ತಂಪಿಗೆ ಇನ್ನೂ ಕುಸಿದಿರುತ್ತದೆ, ಅದನ್ನು ಚೀಟಿಯ ಅಂಕಿಗೆ ತುಂಬಿಸಿ. ಬಂಡೀಪುರದ ದಾರಿ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಮುಚ್ಚಿರುತ್ತದೆ, ದಿಂಬಂನಲ್ಲೂ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ; ಕೊಯಮತ್ತೂರಿನಿಂದ ಬರುವವರು ಆ ರಾತ್ರಿ ಅಲ್ಲೇ ಉಳಿದು, ನಿದ್ದೆ ಮುಗಿಸಿ, ಬೆಳಿಗ್ಗೆ ಹೊರಡಿ.